57 ರೂಪಾಯಿ 28 ಪೈಸೆ ಎಲ್ಲಿ ಹೋಯಿತು?

2025ರ ನವೆಂಬರ್ 8, ಶನಿವಾರ ಸಂಜೆ. ತುಮಕೂರಿನ ಮಂಡಿಪೇಟೆಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಿಂದ ಫೋನ್ ಬಂತು. ಆ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವನು ನಾನು. ಫೋನ್ ಮಾಡಿದವರು ಅಲ್ಲಿ ಲೆಕ್ಕ ನೋಡಿಕೊಳ್ಳುವ ಮೇಡಂ.

"ಸಾರ್, ಅಕ್ಟೋಬರ್ ಜಿಎಸ್‌ಟಿ ರಿಪೋರ್ಟು ಬಿಲ್‌ಗಳ ಜೊತೆ ತಾಳೆ ಆಗ್ತಿಲ್ಲ. ಬಿಲ್ ಎಲ್ಲಾ ಕೂಡಿದ್ರೆ ಬರೋ ಟ್ಯಾಕ್ಸ್‌ಗಿಂತ ನಿಮ್ಮ ರಿಪೋರ್ಟಲ್ಲಿ 57 ರೂಪಾಯಿ 28 ಪೈಸೆ ಕಡಿಮೆ ಇದೆ."

11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ವಿವರ, ಹಾಕಬೇಕು. ನನಗೆ ಬೇರೆ ಕೆಲಸ ಇತ್ತು. "ರೌಂಡ್ ಆಫ್ ಖಾತೆಗೆ ಹಾಕಿಬಿಡಿ ಮೇಡಂ" ಅಂದೆ.

"ಪ್ರತಿ ತಿಂಗಳೂ ಅದನ್ನೇ ಮಾಡ್ತಿದ್ದೀನಿ ಸಾರ್. ಆಗಸ್ಟಲ್ಲಿ 15 ರೂಪಾಯಿ 62 ಪೈಸೆ ಇತ್ತು. ಈಗ ಯಾಕೆ ಇಷ್ಟಾಯ್ತು ಅಂತ ಆಡಿಟರ್ ಕೇಳ್ತಿದ್ದಾರೆ."

ಹಿಂದೆ ಯಜಮಾನರ ದನಿ ಕೇಳಿಸುತ್ತಿತ್ತು. "57 ರೂಪಾಯಿಗೆ ಇಷ್ಟೊಂದು ಮಾತಾ? ನನ್ನ ಜೇಬಿಂದ ಕೊಡ್ತೀನಿ ಬಿಡಮ್ಮ."

ಯಜಮಾನರು ಹೇಳಿದ್ದು ವ್ಯಾಪಾರದ ದೃಷ್ಟಿಯಿಂದ ಸರಿ. ಆದರೆ ಆಡಿಟರಿಗೆ ಮೊತ್ತದ ಚಿಂತೆ ಇರಲಿಲ್ಲ, ದಿಕ್ಕಿನ ಚಿಂತೆ ಇತ್ತು. ಗಿರಾಕಿಗಳಿಂದ ಟ್ಯಾಕ್ಸ್ ಅಂತ ವಸೂಲಿ ಮಾಡಿದ್ದು ಜಾಸ್ತಿ, ಸರ್ಕಾರಕ್ಕೆ ತೋರಿಸುತ್ತಿರುವುದು ಕಡಿಮೆ. ವಸೂಲಿ ಮಾಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಲೇಬೇಕು ಅಂತ ಸಿಜಿಎಸ್‌ಟಿ ಕಾಯ್ದೆಯ 76ನೇ ಸೆಕ್ಷನ್ ಹೇಳುತ್ತದೆ. ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ ಬಂದಿದ್ದರೆ ಅವರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಪ್ರತಿ ಸಲವೂ ರಿಪೋರ್ಟೇ ಕಡಿಮೆ.

ಈ ಮಾತು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಂಗಡಿ ಮತ್ತು ಡೇಟಾಬೇಸ್

ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಬಿಲ್ಲಿನ ಒಂದೊಂದು ಸಾಲಿಗೂ ಐಟಂ, ಎಣಿಕೆ, ದರ, ಮೊತ್ತ ಇರುತ್ತದೆ. ಮೊತ್ತದ ಕಾಲಂ ನ್ಯೂಮರಿಕ್, ಅಂದರೆ ದಶಮಾಂಶ ಸಂಖ್ಯೆಯನ್ನು ಬರೆದ ಹಾಗೇ ಇಡುವ ಟೈಪ್, ದಶಮಾಂಶದ ನಂತರ ಎರಡು ಅಂಕಿ. ದುಡ್ಡಿಗೆ ಅದೇ ಸರಿಯಾದ ಟೈಪ್ ಅಂತ ಗೊತ್ತಿದ್ದೇ ಇಟ್ಟಿದ್ದೆ. ಟ್ಯಾಕ್ಸ್ ದರಕ್ಕೆ ಬೇರೆ ಟೇಬಲ್. ಯಾವ ಐಟಂ, ಎಷ್ಟು ದರ, ಯಾವ ತಾರೀಖಿನಿಂದ ಅನ್ನುವುದೆಲ್ಲ ಅದರಲ್ಲಿ.

ಬಿಲ್ ಹಾಕುವಾಗ ಒಂದು ಫಂಕ್ಷನ್ ಪ್ರತಿ ಸಾಲಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ಜಿಎಸ್‌ಟಿಯಲ್ಲಿ ಕೇಂದ್ರ ಮತ್ತು ರಾಜ್ಯದ ಸಮಪಾಲು) ಲೆಕ್ಕ ಹಾಕಿ, ಪೈಸೆಗೆ ರೌಂಡ್ ಮಾಡಿ, ಕೂಡಿ, ಬಿಲ್ಲಿನ ತಲೆಯಲ್ಲಿ ಒಟ್ಟು ಟ್ಯಾಕ್ಸ್ ಬರೆಯುತ್ತದೆ. ಸಾಲುಸಾಲಿನ ಟ್ಯಾಕ್ಸ್ ಎಲ್ಲೂ ಉಳಿಯುವುದಿಲ್ಲ. ಯಾಕೆ ಉಳಿಸಿರಲಿಲ್ಲ? "ಬೇಕಾದಾಗ ಮತ್ತೆ ಲೆಕ್ಕ ಹಾಕಿದರಾಯಿತು, ಸುಮ್ನೆ ಜಾಗ ಯಾಕೆ ತಿನ್ನಬೇಕು" ಅನ್ನುವ ಜಾಣತನ. ತಿಂಗಳ ರಿಪೋರ್ಟಿಗೆ ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ಸಂಖ್ಯೆ) ಪ್ರಕಾರ ಟ್ಯಾಕ್ಸ್ ಬೇಕು. ಹಾಗಾಗಿ ರಿಪೋರ್ಟು ಎಲ್ಲ ಸಾಲುಗಳ ಟ್ಯಾಕ್ಸನ್ನು ತಾನೇ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತಿತ್ತು.

ಒಂದೇ ಲೆಕ್ಕವನ್ನು ಎರಡು ಕಡೆ ಹಾಕಿದರೆ ಒಂದಲ್ಲ ಒಂದು ದಿನ ಎರಡು ಉತ್ತರ ಬರುತ್ತದೆ. ಇದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು.

ಅಂಗಡಿಯ ಒಂದು ಪದ್ಧತಿಯನ್ನೂ ಹೇಳಬೇಕು, ಮುಂದೆ ಬೇಕಾಗುತ್ತದೆ. ಯಜಮಾನರು ದರ ಹೇಳುವುದು "ಇಷ್ಟು ರೂಪಾಯಿ, ಟ್ಯಾಕ್ಸ್ ಬೇರೆ" ಅಂತ. ಅವರ ದರದಲ್ಲಿ ಪೈಸೆ ಇರುವುದಿಲ್ಲ. ಪೆಟ್ಟಿಗೆ ಲೆಕ್ಕದ ವ್ಯಾಪಾರ. ಹಾಗಾಗಿ ಸಾಲಿನ ಮೊತ್ತ ಯಾವಾಗಲೂ ಪೂರ್ತಿ ರೂಪಾಯಿ.

ನಾನು ಮೊದಲು ಹಿಡಿದ ತಪ್ಪು ದಾರಿ

ಮೊದಲು ಅನುಮಾನ ಬಂದದ್ದು ರದ್ದಾದ ಬಿಲ್‌ಗಳ ಮೇಲೆ. ಒಂದೆರಡು ಬಿಲ್ ರಿಪೋರ್ಟಿನಿಂದ ತಪ್ಪಿಸಿಕೊಂಡಿರಬೇಕು ಅಂದುಕೊಂಡೆ. ಅರ್ಧ ಗಂಟೆ ಹುಡುಕಿದೆ. ಬಿಲ್‌ಗಳ ಸಂಖ್ಯೆ ಎರಡೂ ಕಡೆ ಒಂದೇ. ಟ್ಯಾಕ್ಸ್ ಸೇರದ ಮೊತ್ತವೂ ಪೈಸೆಗೆ ಪೈಸೆ ಒಂದೇ. ಟ್ಯಾಕ್ಸ್ ಮಾತ್ರ ಬೇರೆ.

ಆಮೇಲೆ ಎಲ್ಲ ಪ್ರೋಗ್ರಾಮರ್‌ಗಳಿಗೂ ಬರುವ ಯೋಚನೆಯೇ ನನಗೂ ಬಂತು. ಎಲ್ಲೋ ಫ್ಲೋಟ್ ಟೈಪ್ (ಕೆಲವು ದಶಮಾಂಶ ಸಂಖ್ಯೆಗಳನ್ನು ಅಂದಾಜಾಗಿ ಮಾತ್ರ ಇಡಬಲ್ಲದ್ದು) ಸೇರಿಕೊಂಡಿದೆ, ಅದರ ಚೂರುಪಾರು ತಪ್ಪುಗಳು ಕೂಡಿ 57 ರೂಪಾಯಿ ಆಗಿದೆ! ಫ್ಲೋಟ್‌ನಲ್ಲಿ 0.1 ಕೂಡಿಸು 0.2 ಅಂದರೆ ಸರಿಯಾಗಿ 0.3 ಬರುವುದಿಲ್ಲ ಅನ್ನುವುದು ನಮ್ಮ ಕಸುಬಿನಲ್ಲಿ ಮಗ್ಗಿ ಇದ್ದಂತೆ.

ಆದರೆ ಕಾಗದದ ಮೇಲೆ ಬರೆದು ನೋಡಿದಾಗ ಈ ವಾದ ನಿಲ್ಲಲಿಲ್ಲ. ಡಬಲ್ ಪ್ರಿಸಿಶನ್ ಅನ್ನುವ ಫ್ಲೋಟ್ ಟೈಪ್ ಸುಮಾರು 15 ಅಂಕಿಗಳವರೆಗೆ ಸರಿಯಾಗಿರುತ್ತದೆ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಸಾಲು ಕೂಡಿದರೂ ಅದರ ತಪ್ಪು ಒಂದು ಪೈಸೆಯ ಸಾವಿರದ ಒಂದು ಭಾಗಕ್ಕೂ ಬರುವುದಿಲ್ಲ. 57 ರೂಪಾಯಿ ಅದರ ಅಳತೆಗೆ ಬೆಟ್ಟ. ಬೇರೆ ಏನೋ ಇದೆ.

ದಾರಿ ತೋರಿಸಿದವರು ಮೇಡಂ. ಭಾನುವಾರ ಬೆಳಿಗ್ಗೆ ಅವರು ದಿನದಿನದ ವ್ಯತ್ಯಾಸವನ್ನು ಎಕ್ಸೆಲ್‌ನಲ್ಲಿ ಹಾಕಿ ಕಳಿಸಿದರು. ಜೊತೆಗೆ ಒಂದು ವಾಯ್ಸ್ ಮೆಸೇಜ್. "ಸಾರ್, ಒಂದು ವಿಚಿತ್ರ ನೋಡಿ. ಯಾವ ದಿನದ್ದು ತಗೊಂಡ್ರೂ ವ್ಯತ್ಯಾಸ ಸರಿಸಂಖ್ಯೆ ಪೈಸೆ. 1.86, 2.14, 2.30... ಬೆಸ ಪೈಸೆ ಒಂದು ದಿನಾನೂ ಇಲ್ಲ. ಆಮೇಲೆ ಎಕ್ಸೆಲಲ್ಲಿ ನಾನೇ ರೌಂಡ್ ಮಾಡಿದ್ರೆ ಬಿಲ್‌ಗೇ ಸರಿಹೋಗುತ್ತೆ, ನಿಮ್ಮ ರಿಪೋರ್ಟಿಗೆ ಸರಿಹೋಗಲ್ಲ."

ಸರಿಸಂಖ್ಯೆ ಯಾಕೆ ಅನ್ನುವುದು ಸುಲಭ. ಸಿಜಿಎಸ್‌ಟಿಯಲ್ಲಿ ಒಂದು ಪೈಸೆ ತಪ್ಪಿದರೆ ಎಸ್‌ಜಿಎಸ್‌ಟಿಯಲ್ಲೂ ಅದೇ ಒಂದು ಪೈಸೆ ತಪ್ಪುತ್ತದೆ. ಅಂದರೆ ಒಂದೊಂದು ಸಾಲಿಗೂ ಎರಡು ಪೈಸೆ. ಇದು ಚೂರುಪಾರು ಸೇರಿ ಆದದ್ದಲ್ಲ. ಕೆಲವು ಸಾಲುಗಳು ಪೂರ್ತಿ ಒಂದು ಪೈಸೆ ಕೆಳಗೆ ಬೀಳುತ್ತಿವೆ, ಉಳಿದವು ಸರಿಯಾಗಿಯೇ ಇವೆ.

ಒಂದು ಬಿಲ್ಲನ್ನು ಬಿಡಿಸಿದಾಗ

ನಾಲ್ಕೇ ಸಾಲಿನ ಒಂದು ಬಿಲ್ ತೆಗೆದುಕೊಂಡೆ. ಎಲ್ಲವೂ ಶೇ 5ರ ಐಟಂ, ಅಂದರೆ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5. ಮೊತ್ತಗಳು 845, 1261, 530, 1247 ರೂಪಾಯಿ. ರೂಪಾಯಿಯನ್ನು ಶೇಕಡಾ ದರದಿಂದ ಗುಣಿಸಿದರೆ ನೇರವಾಗಿ ಪೈಸೆ ಬರುತ್ತದೆ, ಅಲ್ವಾ? ಸಿಜಿಎಸ್‌ಟಿ ಹೀಗೆ ಬಂತು:

845ಕ್ಕೆ 2112.5 ಪೈಸೆ. ಬಿಲ್ಲಿನಲ್ಲಿ 2113, ರಿಪೋರ್ಟಿನಲ್ಲಿ 2112.
1261ಕ್ಕೆ 3152.5 ಪೈಸೆ. ಬಿಲ್ಲಿನಲ್ಲಿ 3153, ರಿಪೋರ್ಟಿನಲ್ಲಿ 3152.
530ಕ್ಕೆ 1325 ಪೈಸೆ. ಎರಡರಲ್ಲೂ 1325.
1247ಕ್ಕೆ 3117.5 ಪೈಸೆ. ಎರಡರಲ್ಲೂ 3118.

ಮೊದಲ ಎರಡು ಸಾಲು ನೋಡಿದಾಗ ರಿಪೋರ್ಟು ಅರ್ಧವನ್ನು ಕೆಳಕ್ಕೆ ಹಾಕುತ್ತಿದೆ ಅನ್ನಿಸಿತು. ನಾಲ್ಕನೆಯದು ಅದನ್ನು ಸುಳ್ಳು ಮಾಡಿತು. ಅಲ್ಲೂ ಅರ್ಧವೇ ಇದೆ, ಆದರೆ ಮೇಲಕ್ಕೆ ಹೋಗಿದೆ.

ಉತ್ತರಗಳನ್ನು ಇನ್ನೊಮ್ಮೆ ನೋಡಿ. 2112, 3152, 3118. ಮೂರೂ ಸರಿಸಂಖ್ಯೆ. ರಿಪೋರ್ಟು ಅರ್ಧ ಸಿಕ್ಕಾಗ ಹತ್ತಿರದ ಸರಿಸಂಖ್ಯೆಗೆ ಹೋಗುತ್ತಿದೆ. ಬಿಲ್ಲು ಅರ್ಧ ಸಿಕ್ಕಾಗ ಯಾವಾಗಲೂ ಮೇಲಕ್ಕೆ ಹೋಗುತ್ತಿದೆ.

ಇದನ್ನು ಪರೀಕ್ಷೆ ಮಾಡಲು ಡೇಟಾಬೇಸ್‌ನಲ್ಲಿ ಕೈಯಾರೆ ಟೈಪ್ ಮಾಡಿದೆ. ರೌಂಡ್ ಆಫ್ 845 ಗುಣಿಸು 2.5. ಬಂದದ್ದು 2113! ರಿಪೋರ್ಟಿನಲ್ಲಿ ಅದೇ ಫಂಕ್ಷನ್, ಅದೇ ಸಂಖ್ಯೆ, ಆದರೆ 2112. ಇಲ್ಲಿ ನಾನು ನಿಜವಾಗಿಯೂ ಒಂದು ಗಂಟೆ ಕಳೆದುಕೊಂಡೆ. ಪೋಸ್ಟ್‌ಗ್ರೆಸ್‌ನಲ್ಲಿ ನೀವು ಕೈಯಾರೆ 2.5 ಅಂತ ಬರೆದರೆ ಅದು ನ್ಯೂಮರಿಕ್ ಅಂತ ಲೆಕ್ಕ. ಟೇಬಲ್‌ನಿಂದ ಬರುವ 2.5 ಬೇರೆ ಟೈಪ್ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೊನೆಗೆ ಟೈಪ್ ಏನು ಅಂತ ಹೇಳುವ ಪಿಜಿ-ಟೈಪ್‌ಆಫ್ ಫಂಕ್ಷನ್ನಿಗೆ ರಿಪೋರ್ಟಿನ ಗುಣಾಕಾರವನ್ನು ಕೊಟ್ಟೆ. ಉತ್ತರ: ಡಬಲ್ ಪ್ರಿಸಿಶನ್.

ಮೊತ್ತದ ಕಾಲಂ ನ್ಯೂಮರಿಕ್ಕೇ. ದರದ ಕಾಲಂ ಡಬಲ್ ಪ್ರಿಸಿಶನ್. ಇವೆರಡನ್ನು ಗುಣಿಸಿದರೆ ಪೋಸ್ಟ್‌ಗ್ರೆಸ್ ನ್ಯೂಮರಿಕ್ಕನ್ನು ತಾನಾಗಿ ಡಬಲ್‌ಗೆ ಬದಲಾಯಿಸಿ ಗುಣಿಸುತ್ತದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹಾಲಿನ ಪಾತ್ರೆಗೆ ಒಂದು ತೊಟ್ಟು ಹುಳಿ ಬಿದ್ದ ಹಾಗೆ, ಒಂದು ಕಾಲಂ ಸಾಕು.

ಎರಡು ಟೈಪ್, ಎರಡು ನಿಯಮ

ಇದು ಪೋಸ್ಟ್‌ಗ್ರೆಸ್‌ನ ತಪ್ಪಲ್ಲ. ಅದರ ಕೈಪಿಡಿಯಲ್ಲೇ ಇದಕ್ಕೆ ಒಂದು ಪುಟ್ಟ ಕೋಷ್ಟಕ ಇದೆ. ಮೈನಸ್ 3.5ರಿಂದ 3.5ರವರೆಗೆ ಒಂದೊಂದನ್ನೂ ಎರಡೂ ಟೈಪ್‌ನಲ್ಲಿ ರೌಂಡ್ ಮಾಡಿ ತೋರಿಸಿದ್ದಾರೆ. 0.5 ನ್ಯೂಮರಿಕ್‌ನಲ್ಲಿ 1, ಡಬಲ್‌ನಲ್ಲಿ 0. 1.5 ಎರಡರಲ್ಲೂ 2. 2.5 ನ್ಯೂಮರಿಕ್‌ನಲ್ಲಿ 3, ಡಬಲ್‌ನಲ್ಲಿ 2. 3.5 ಎರಡರಲ್ಲೂ 4. ನ್ಯೂಮರಿಕ್ ಟೈಪ್ ಅರ್ಧವನ್ನು ಸೊನ್ನೆಯಿಂದ ದೂರಕ್ಕೆ ತಳ್ಳುತ್ತದೆ. ಡಬಲ್ ಏನು ಮಾಡುತ್ತದೆ ಅನ್ನುವುದು ಯಂತ್ರವನ್ನು ಅವಲಂಬಿಸಿದೆ, ಆದರೆ ಬಹುತೇಕ ಕಡೆ ಹತ್ತಿರದ ಸರಿಸಂಖ್ಯೆಗೆ ಹೋಗುತ್ತದೆ. ರೌಂಡ್ ಫಂಕ್ಷನ್ ಬಿಟ್ಟು ನೇರವಾಗಿ ಇಂಟಿಜರ್‌ಗೆ ಬದಲಾಯಿಸಿದರೂ ಇದೇ ಭೇದ.

ಮೈಎಸ್‌ಕ್ಯೂಎಲ್‌ನಲ್ಲೂ ಇದೇ ಕಥೆ. ಅಲ್ಲಿ 2.5 ಅಂತ ಬರೆದು ರೌಂಡ್ ಮಾಡಿದರೆ 3. ಅದನ್ನೇ 25ಇ-1 ಅಂತ ಘಾತಾಂಕ ಹಾಕಿ ಬರೆದರೆ ಅದು ಫ್ಲೋಟ್ ಆಗುತ್ತದೆ, ಉತ್ತರ 2 ಆಗಬಹುದು. ಪೈಥಾನ್ 3ರಲ್ಲಿ ರೌಂಡ್ ಮಾಡಿದರೆ 2.5 ಹೋಗುವುದು 2ಕ್ಕೆ. ಪೈಥಾನ್ 2ರಲ್ಲಿ 3ಕ್ಕೆ ಹೋಗುತ್ತಿತ್ತು. ಎಕ್ಸೆಲ್‌ನ ರೌಂಡ್ ಸೂತ್ರ 3 ಕೊಡುತ್ತದೆ. ಅದಕ್ಕೇ ಮೇಡಂ ಅವರ ಎಕ್ಸೆಲ್ ಬಿಲ್ಲಿಗೆ ತಾಳೆ ಆಯಿತು, ನನ್ನ ರಿಪೋರ್ಟಿಗೆ ಆಗಲಿಲ್ಲ.

ಇಲ್ಲಿ ಒತ್ತಿ ಹೇಳಬೇಕಾದ ಒಂದು ಮಾತಿದೆ, ಯಾಕೆಂದರೆ ಈ ಕಥೆ ಹೇಳಿದಾಗಲೆಲ್ಲ ಜೊತೆಗಾರರು "ಫ್ಲೋಟ್ ನಿಖರ ಅಲ್ಲ ಅಂತ ಗೊತ್ತಿರೋದೇ ಅಲ್ವಾ" ಅಂತ ಮುಗಿಸಿಬಿಡುತ್ತಾರೆ. ಇಲ್ಲಿ ಆಗಿದ್ದು ಅದಲ್ಲ. 2112.5 ಅನ್ನುವ ಸಂಖ್ಯೆ ಡಬಲ್ ಟೈಪ್‌ನಲ್ಲಿ ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂರುತ್ತದೆ. 2.5 ಕೂಡ ಹಾಗೆಯೇ. ಎರಡರಿಂದ ಭಾಗಿಸುತ್ತ ಹೋದರೆ ಸಿಗುವ ಭಿನ್ನರಾಶಿ ಎಲ್ಲವೂ ಕಂಪ್ಯೂಟರಿಗೆ ಸಲೀಸು. ನಮ್ಮ ಹಿರಿಯರ ಅರೆ, ಕಾಲು, ಅರೆಕಾಲು, ವೀಸ ಇದೆಯಲ್ಲ, ಅದೇ ದಾರಿ. ತಮಾಷೆ ನೋಡಿ, 1957ರ ಏಪ್ರಿಲ್‌ಗೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಇದ್ದಾಗಿನ ಲೆಕ್ಕ ಫ್ಲೋಟ್‌ನಲ್ಲಿ ಚೂರೂ ತಪ್ಪದೆ ಕೂರುತ್ತಿತ್ತು. ಪೈಸೆಗೆ 3 ಪೈ ಅನ್ನುವ ಕೊನೆಯ ಮೆಟ್ಟಿಲಲ್ಲಿ ಮಾತ್ರ ಎಡವುತ್ತಿತ್ತು. ರೂಪಾಯಿಗೆ ನೂರು ಪೈಸೆ ಬಂದ ಮೇಲೆ ತೊಂದರೆ ಶುರು. 0.10 ಸರಿಯಾಗಿ ಕೂರುವುದಿಲ್ಲ, 1.005 ಅಂತ ಹಾಕಿದರೆ ಒಳಗೆ ಒಂದು ಕೂದಲೆಳೆ ಕಡಿಮೆ ಇರುತ್ತದೆ. ಅದು ಬೇರೆ ರೋಗ. ನಮ್ಮದು ಸಂಖ್ಯೆ ಪಕ್ಕಾ ಸರಿ ಇದ್ದೂ ನಿಯಮ ಬೇರೆ ಇದ್ದ ಕೇಸು. ದಶಮಾಂಶದ ಅಂಕಿಗಳನ್ನು ಎಷ್ಟು ಹೆಚ್ಚಿಸಿದರೂ ಇದು ವಾಸಿಯಾಗುವುದಿಲ್ಲ.

ಸರಿಸಂಖ್ಯೆಗೆ ಹೋಗುವ ನಿಯಮ ಹುಚ್ಚುತನವೂ ಅಲ್ಲ. 1985ರ ಐಇಇಇ 754 ಮಾನದಂಡದಲ್ಲಿ ಫ್ಲೋಟ್ ಲೆಕ್ಕಕ್ಕೆ ಅದೇ ಮಾಮೂಲಿ ನಿಯಮ. 0.5, 1.5, 2.5, 3.5 ಕೂಡಿ. ನಿಜವಾದ ಮೊತ್ತ 8. ಶಾಲೆಯಲ್ಲಿ ಕಲಿತ ಹಾಗೆ ಅರ್ಧವನ್ನೆಲ್ಲ ಮೇಲಕ್ಕೆ ಹಾಕಿ ಕೂಡಿದರೆ 10. ಸರಿಸಂಖ್ಯೆಗೆ ಹಾಕಿ ಕೂಡಿದರೆ 0, 2, 2, 4, ಒಟ್ಟು 8. ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ. ಮೊತ್ತ ಒಂದೇ ಕಡೆ ವಾಲುವುದಿಲ್ಲ. ಇಂಗ್ಲಿಷಿನವರು ಇದನ್ನು ಬ್ಯಾಂಕರ್ಸ್ ರೌಂಡಿಂಗ್ ಅಂತಲೂ ಕರೆಯುತ್ತಾರೆ.

ನಮ್ಮ ನಾಲ್ಕು ಸಾಲಿನ ಬಿಲ್ಲನ್ನೇ ನೋಡಿ. 3883 ರೂಪಾಯಿಗೆ ಶೇ 2.5 ಅಂದರೆ 97 ರೂಪಾಯಿ 7.5 ಪೈಸೆ. ಗಿರಾಕಿಗೆ ಕೊಟ್ಟ ಬಿಲ್ 97.09. ತಪ್ಪು ಅಂತ ನಾವು ಬೈಯುತ್ತಿರುವ ರಿಪೋರ್ಟು 97.07. ಹತ್ತಿರ ಇರುವುದು ರಿಪೋರ್ಟೇ!

ಸೆಪ್ಟೆಂಬರ್ 22ರ ಗುಟ್ಟು

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. 15 ರೂಪಾಯಿ ಇದ್ದದ್ದು 57 ಯಾಕೆ ಆಯಿತು? ಕೋಡ್‌ನಲ್ಲಿ ನಾನು ಏನೂ ಮುಟ್ಟಿರಲಿಲ್ಲ. ಮುಟ್ಟಿದ್ದು ದರಗಳನ್ನು ಮಾತ್ರ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದವು. ಬಹುತೇಕ ಐಟಂಗಳಿಗೆ ಶೇ 12 ಮತ್ತು 28ರ ಹಂತ ಹೋದವು. ತುಪ್ಪ, ಬೆಣ್ಣೆ, ಪ್ಯಾಕೆಟ್ ಮಿಕ್ಸ್ಚರ್ ಶೇ 12ರಿಂದ 5ಕ್ಕೆ ಬಂದವು. ಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಶೇ 18ರಿಂದ 5ಕ್ಕೆ. ನವರಾತ್ರಿಯ ಹಿಂದಿನ ರಾತ್ರಿ ಕೂತು ನೂರಾರು ಐಟಂಗಳ ದರ ತಿದ್ದಿದ್ದು ಚೆನ್ನಾಗಿ ನೆನಪಿದೆ.

ಈಗ ಲೆಕ್ಕ ಹಾಕಿ. ಮೊತ್ತ ಪೂರ್ತಿ ರೂಪಾಯಿ. ಶೇ 18 ಅಂದರೆ ಎರಡು ಪಾಲು 9. ರೂಪಾಯಿಯನ್ನು 9ರಿಂದ ಗುಣಿಸಿದರೆ ಪೂರ್ತಿ ಪೈಸೆಯೇ ಬರುತ್ತದೆ, ಅರ್ಧದ ಮಾತೇ ಇಲ್ಲ. ಶೇ 12ಕ್ಕೆ 6, ಶೇ 28ಕ್ಕೆ 14. ಅಲ್ಲೂ ಅಷ್ಟೇ. ಶೇ 5 ಒಂದೇ 2.5 ಮತ್ತು 2.5 ಆಗಿ ಒಡೆಯುತ್ತದೆ. ಅರ್ಧ ಪೈಸೆ ಹುಟ್ಟುವುದು ಅಲ್ಲಿ ಮಾತ್ರ. ಬೆಸ ರೂಪಾಯಿ ಇದ್ದಾಗಲೆಲ್ಲ ಅರ್ಧ ಹುಟ್ಟುತ್ತದೆ. ಅದರಲ್ಲಿ ನಾಲ್ಕರಿಂದ ಭಾಗಿಸಿದರೆ 1 ಉಳಿಯುವ ಮೊತ್ತಗಳಲ್ಲಿ (845, 1261) ಎರಡು ನಿಯಮ ಬೇರೆಯಾಗುತ್ತವೆ. 3 ಉಳಿಯುವ ಮೊತ್ತಗಳಲ್ಲಿ (1247) ಎರಡೂ ಮೇಲಕ್ಕೇ ಹೋಗುತ್ತವೆ. ಅಂದರೆ ಶೇ 5ರ ಸಾಲುಗಳಲ್ಲಿ ಸುಮಾರು ಕಾಲು ಭಾಗ, ಸಾಲಿಗೆ ಎರಡು ಪೈಸೆ, ಯಾವಾಗಲೂ ಒಂದೇ ದಿಕ್ಕಿಗೆ. ಸೆಪ್ಟೆಂಬರ್‌ವರೆಗೆ ಸಕ್ಕರೆ, ಎಣ್ಣೆ, ಟೀ ಪುಡಿ, ಮಸಾಲೆ ಪದಾರ್ಥ ಮಾತ್ರ ಈ ಸುಳಿಯಲ್ಲಿದ್ದವು. ಆಮೇಲೆ ಅರ್ಧಕ್ಕರ್ಧ ಅಂಗಡಿಯೇ ಬಂದು ಬಿತ್ತು.

(ಚಿನ್ನದಂಗಡಿಗೆ ಸಾಫ್ಟ್‌ವೇರ್ ಬರೆಯುವವರು ಗಮನಿಸಿ. ಚಿನ್ನಕ್ಕೆ ಶೇ 3, ಅಂದರೆ ಒಂದೂವರೆ ಮತ್ತು ಒಂದೂವರೆ. ಅಲ್ಲೂ ಇದೇ ಸುಳಿ.)

ಇದು ನಿಜವಾದರೆ ಸಾಬೀತು ಮಾಡುವುದು ಸುಲಭ. ಅಕ್ಟೋಬರ್ ತಿಂಗಳ ಶೇ 5ರ ಸಾಲುಗಳಲ್ಲಿ, ಮೊತ್ತವನ್ನು ನಾಲ್ಕರಿಂದ ಭಾಗಿಸಿದಾಗ 1 ಉಳಿಯುವವು ಎಷ್ಟು ಅಂತ ಎಣಿಸಿದೆ. 2,864. ಎರಡರಿಂದ ಗುಣಿಸಿದರೆ 5,728 ಪೈಸೆ. 57 ರೂಪಾಯಿ 28 ಪೈಸೆ. ಆಗಸ್ಟಿನದು ಎಣಿಸಿದೆ. 781 ಸಾಲು, 15 ರೂಪಾಯಿ 62 ಪೈಸೆ. ಒಂದು ಪೈಸೆಯೂ ಆಚೀಚೆ ಇಲ್ಲ. ಭಾನುವಾರ ಮಧ್ಯಾಹ್ನ ಊಟ ಆರಿಹೋಗಿತ್ತು, ಆದರೂ ಅವತ್ತು ಉಂಡಿದ್ದು ರುಚಿಯಾಗಿತ್ತು.

ಡಬಲ್ ಎಲ್ಲಿಂದ ಬಂತು

ಈಗ ಸ್ವಲ್ಪ ನಾಚಿಕೆಯ ಭಾಗ. ದರದ ಟೇಬಲನ್ನು ನಾನು ಕೈಯಾರೆ ಮಾಡಿರಲಿಲ್ಲ. 2021ರಲ್ಲಿ ಅಂಗಡಿಯ ಎಕ್ಸೆಲ್ ಪಟ್ಟಿಯನ್ನು ಪೈಥಾನ್‌ನ ಪ್ಯಾಂಡಾಸ್ ಲೈಬ್ರರಿಯಿಂದ ಓದಿ, ಹಾಗೇ ಡೇಟಾಬೇಸ್‌ಗೆ ತಳ್ಳಿದ್ದೆ. ಟೇಬಲನ್ನೂ ಅದೇ ಮಾಡಿಕೊಂಡಿತು. ದಶಮಾಂಶ ಇರುವ ಕಾಲಂ ಕಂಡರೆ ಪ್ಯಾಂಡಾಸ್ ಅದನ್ನು ಫ್ಲೋಟ್ ಅಂದುಕೊಳ್ಳುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಡಬಲ್ ಪ್ರಿಸಿಶನ್ ಕಾಲಂ ಮಾಡುತ್ತದೆ. "ಆಮೇಲೆ ಟೈಪ್ ಸರಿಮಾಡೋಣ" ಅಂತ ಒಂದು ಚೀಟಿ ಅಂಟಿಸಿದ್ದೆ. ಚೀಟಿ ಬಿದ್ದುಹೋಯಿತು.

ಬಿಲ್ ಹಾಕುವ ಫಂಕ್ಷನ್ ಯಾಕೆ ಬಚಾವಾಯಿತು? ಅದರಲ್ಲಿ ದರವನ್ನು ಮೊದಲು ನ್ಯೂಮರಿಕ್ ಅಂತ ಘೋಷಿಸಿದ ವೇರಿಯಬಲ್‌ಗೆ ತುಂಬಿಕೊಂಡಿದ್ದೆ. ತುಂಬುವಾಗಲೇ ಟೈಪ್ ಬದಲಾಯಿತು. ಜಾಣತನದಿಂದ ಅಲ್ಲ, ಅಭ್ಯಾಸಬಲದಿಂದ.

ರಿಪೋರ್ಟಿನಲ್ಲಿ ಪೋಸ್ಟ್‌ಗ್ರೆಸ್ ಎಚ್ಚರಿಸಿರಲಿಲ್ಲವೇ? ಎಚ್ಚರಿಸಿತ್ತು. ಎರಡು ದಶಮಾಂಶಕ್ಕೆ ರೌಂಡ್ ಮಾಡುವ ಫಂಕ್ಷನ್ ನ್ಯೂಮರಿಕ್‌ಗೆ ಮಾತ್ರ ಇದೆ, ಡಬಲ್‌ಗೆ ಇಲ್ಲ. ಡಬಲ್ ಕೊಟ್ಟರೆ "ಇಂಥ ಫಂಕ್ಷನ್ನೇ ಇಲ್ಲ" ಅಂತ ತಪ್ಪು ಬರುತ್ತದೆ. ರಿಪೋರ್ಟ್ ಬರೆಯುವಾಗ ನನಗೂ ಬಂದಿತ್ತು. ಹಳೆಯ ಕೋಡ್ ತೆಗೆದು ನೋಡಿದರೆ ಸಾಕ್ಷಿ ಅಲ್ಲೇ ಇದೆ. ಮೊದಲು ಎರಡು ದಶಮಾಂಶಕ್ಕೆ ರೌಂಡ್ ಮಾಡಲು ಹೋಗಿದ್ದೇನೆ. ಅರ್ಧ ಗಂಟೆಯ ನಂತರ ಅದನ್ನು ತೆಗೆದು, ಪೈಸೆಗೆ ರೌಂಡ್ ಮಾಡಿ ನೂರರಿಂದ ಭಾಗಿಸಿದ್ದೇನೆ. ಬಾಗಿಲಲ್ಲಿ ನಿಂತು ಕಾವಲುಗಾರ ತಡೆದ. ನಾನು ಕಿಟಕಿಯಿಂದ ಒಳಗೆ ಹೋದೆ.

ಯಾವುದನ್ನು ಸರಿ ಅನ್ನುವುದು

ರಿಪೋರ್ಟು ನಿಜಕ್ಕೆ ಹತ್ತಿರ ಇದೆ ಅಂದೆನಲ್ಲ. ಹಾಗಾದರೆ ಬಿಲ್ಲನ್ನೇ ಬದಲಾಯಿಸಬೇಕಾ? ಸೋಮವಾರ ಅಂಗಡಿಗೆ ಹೋದಾಗ ಆಡಿಟರ್ ಹತ್ತಿರ ಇದನ್ನೇ ಕೇಳಿದೆ. ಅವರು ಒಂದೇ ಮಾತಲ್ಲಿ ಮುಗಿಸಿದರು. "ಗಿರಾಕಿ ಕೈಗೆ ಹೋದ ಬಿಲ್ಲೇ ಲೆಕ್ಕ. ಮಿಕ್ಕಿದ್ದೆಲ್ಲ ಅದಕ್ಕೆ ಸರಿಹೋಗಬೇಕು."

ಕಾಯ್ದೆಯ ವಾಲಿಕೆಯೂ ಆ ಕಡೆಗೇ ಇದೆ. ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ತೆರಿಗೆಯನ್ನು ರೂಪಾಯಿಗೆ ರೌಂಡ್ ಮಾಡುವಾಗ 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಬಿಟ್ಟುಬಿಡು ಅನ್ನುತ್ತದೆ. ಅದು ರೂಪಾಯಿಯ ಮಾತು, ಅರ್ಧ ಪೈಸೆಯ ಮಾತಲ್ಲ. ಆದರೆ ಅರ್ಧ ಮೇಲಕ್ಕೆ ಅನ್ನುವ ರೂಢಿ ಶಾಲೆಯಲ್ಲಿ, ಅಂಗಡಿಯಲ್ಲಿ, ಎಕ್ಸೆಲ್‌ನಲ್ಲಿ ಎಲ್ಲ ಕಡೆ ಒಂದೇ. ಅರ್ಧ ಸರಿಸಂಖ್ಯೆಗೆ ಹೋಗುತ್ತದೆ ಅಂತ ಮಂಡಿಪೇಟೆಯಲ್ಲಿ ಗಿರಾಕಿಗೆ ವಿವರಿಸಲು ನಾನಂತೂ ತಯಾರಿಲ್ಲ.

ಹಳೆಯ ತಿಂಗಳುಗಳ ವ್ಯತ್ಯಾಸವನ್ನು ಆಡಿಟರ್ ಕೂಡಿ, ಡಿಆರ್‌ಸಿ-03 ಫಾರ್ಮಿನಲ್ಲಿ (ಬಾಕಿ ತೆರಿಗೆಯನ್ನು ತಾವಾಗಿಯೇ ಕಟ್ಟುವ ಫಾರ್ಮ್) ಕಟ್ಟಿಸಿದರು. ಯಜಮಾನರು ದುಡ್ಡು ಕೊಡುವಾಗ ನನ್ನ ಮುಖ ನೋಡಿ ನಕ್ಕರು. "ಅರ್ಧರ್ಧ ಪೈಸೆ ಅಂತೀಯ, ಕಟ್ಟೋವಾಗ ಮಾತ್ರ ರೂಪಾಯಿ ಲೆಕ್ಕ ಆಗೋಯ್ತಲ್ಲಪ್ಪ."

ರಿಪೇರಿ

ದರದ ಕಾಲಂ ಟೈಪ್ ಬದಲಾಯಿಸಲು ಒಂದು ಸಾಲಿನ ಆಜ್ಞೆ ಸಾಕು ಅಂದುಕೊಂಡಿದ್ದೆ. ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ. ಆ ಕಾಲಂ ಒಂದು ವ್ಯೂನಲ್ಲಿ (ಟೇಬಲ್‌ಗಳ ಮೇಲೆ ಕಟ್ಟಿ ಹೆಸರಿಟ್ಟ ನೋಟ) ಬಳಕೆಯಲ್ಲಿದ್ದರೆ ಟೈಪ್ ಬದಲಾಯಿಸಲು ಬಿಡುವುದಿಲ್ಲ. ವ್ಯೂ ತೆಗೆದು, ಟೈಪ್ ಬದಲಾಯಿಸಿ, ಮತ್ತೆ ವ್ಯೂ ಕಟ್ಟಬೇಕು. ಬದಲಾಯಿಸುವಷ್ಟು ಹೊತ್ತು ಟೇಬಲ್ ಪೂರ್ತಿ ಬೀಗ ಹಾಕಿದಂತೆ, ಓದಲೂ ಆಗುವುದಿಲ್ಲ. ಹಾಗಾಗಿ ಅಂಗಡಿ ಬಾಗಿಲು ಹಾಕಿದ ಮೇಲೆ, ಮೂರನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಮೂರೂ, ಇಲ್ಲದಿದ್ದರೆ ಒಂದೂ ಇಲ್ಲ) ಸೇರಿಸಿ ಓಡಿಸಿದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ರಿಪೋರ್ಟು ಸರಿಹೋಗುತ್ತಿತ್ತು, ಆದರೆ ಕಾಯಿಲೆ ಹೋಗುತ್ತಿರಲಿಲ್ಲ. ಬಿಲ್ಲಿನ ಸಾಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಕಾಲಂ ಸೇರಿಸಿದೆ. ಬಿಲ್ ಹಾಕುವಾಗ ಒಂದೇ ಸಲ ರೌಂಡ್ ಮಾಡಿ ಅಲ್ಲಿ ಬರೆಯುವುದು, ಆಮೇಲೆ ಯಾರೂ ಲೆಕ್ಕ ಹಾಕುವ ಹಾಗಿಲ್ಲ, ಕೂಡುವುದು ಮಾತ್ರ. ಹಳೆಯ ಸಾಲುಗಳಿಗೆ ನ್ಯೂಮರಿಕ್ ನಿಯಮದಿಂದಲೇ ತುಂಬಿ, ಪ್ರತಿ ಬಿಲ್ಲಿನ ತಲೆಯ ಮೊತ್ತಕ್ಕೆ ತಾಳೆ ನೋಡಿದೆ. ಸರಿಹೋಯಿತು.

ಡೇಟಾಬೇಸ್‌ನ ಕಾಲಂ ಪಟ್ಟಿಯಲ್ಲಿ ಡಬಲ್ ಪ್ರಿಸಿಶನ್ ಇರುವವನ್ನೆಲ್ಲ ಹುಡುಕಿದೆ. ಇನ್ನೂ ಆರು ಸಿಕ್ಕವು. ಐದು ದುಡ್ಡಿನವು, ಬದಲಾಯಿಸಿದೆ. ಆರನೆಯದು ಗೋಡೌನ್‌ನ ಉಷ್ಣಾಂಶ. ಅದು ಡಬಲ್ ಆಗಿಯೇ ಇರಲಿ, ಉಷ್ಣಾಂಶಕ್ಕೆ ಯಾರೂ ಬಿಲ್ ಕೇಳುವುದಿಲ್ಲ.

ರಾತ್ರಿ ಓಡುವ ಒಂದು ತಪಾಸಣೆಯನ್ನೂ ಬರೆದೆ. ಸಾಲುಗಳ ಟ್ಯಾಕ್ಸ್ ಕೂಡಿದರೆ ಬಿಲ್ಲಿಗೆ ಸರಿಹೋಗಬೇಕು, ಪೂರ್ತಿ ವಾಪಸ್ ಬಂದ ಬಿಲ್ಲಿನ ಟ್ಯಾಕ್ಸ್ ಸೊನ್ನೆಯಾಗಬೇಕು. ಮೊದಲನೆಯದು ಅಂದಿನಿಂದ ಸೊನ್ನೆ ತೋರಿಸುತ್ತಿದೆ. ಎರಡನೆಯದು ಮೂರನೇ ರಾತ್ರಿಯೇ 6 ಪೈಸೆ ತೋರಿಸಿತು.

ಮೂರು ಸಾಲಿನ ಒಂದು ವಾಪಸ್ ಬಿಲ್. ಲೈನ್ ಮೇಲೆ ಹೋಗುವ ಹುಡುಗರು ಮೊಬೈಲ್ ಆ್ಯಪ್‌ನಿಂದ ಹಾಕಿದ್ದು. ಆ್ಯಪ್ ವಾಪಸ್ ಲೆಕ್ಕವನ್ನು ತಾನೇ ಜಾವಾಸ್ಕ್ರಿಪ್ಟ್‌ನಲ್ಲಿ ಹಾಕಿ ಕಳಿಸುತ್ತಿತ್ತು. ಜಾವಾಸ್ಕ್ರಿಪ್ಟ್‌ನ ಮ್ಯಾಥ್ ರೌಂಡ್ ಇನ್ನೊಂದು ಜಾತಿ. 112.5 ಕೊಟ್ಟರೆ 113. ಮೈನಸ್ 112.5 ಕೊಟ್ಟರೆ ಮೈನಸ್ 112. ಅದಕ್ಕೆ ಮೇಲೆ ಅಂದರೆ ಸೊನ್ನೆಯಿಂದ ದೂರ ಅಲ್ಲ, ಬಲಗಡೆ. ಮಾರುವಾಗ 113 ಪೈಸೆ, ವಾಪಸ್ ತಗೊಳ್ಳುವಾಗ 112. ಬೆಸ ರೂಪಾಯಿಯ ಮೂರು ಸಾಲು, ಸಾಲಿಗೆ ಎರಡು ಪೈಸೆ.

ಆ್ಯಪ್‌ನಿಂದ ಲೆಕ್ಕ ತೆಗೆದುಹಾಕಿದೆ. ಈಗ ಅದು ಐಟಂ ಮತ್ತು ಎಣಿಕೆ ಮಾತ್ರ ಕಳಿಸುತ್ತದೆ, ಟ್ಯಾಕ್ಸನ್ನು ಮೂಲ ಬಿಲ್ಲಿನ ಸಾಲಿನಿಂದಲೇ ತೆಗೆದುಕೊಳ್ಳುತ್ತೇವೆ. ಡಿಸೆಂಬರ್‌ನಲ್ಲಿ ಮೇಡಂ ನವೆಂಬರ್ ರಿಪೋರ್ಟ್ ತಾಳೆ ನೋಡಿ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ವ್ಯತ್ಯಾಸದ ಕಾಲಂನಲ್ಲಿ 0.00. ಕೆಳಗೆ ಬರೆದಿದ್ದರು: "ಸಾರ್, ರೌಂಡ್ ಆಫ್ ಖಾತೆ ಈಗ ಬಿಲ್ ಟೋಟಲ್ ರೂಪಾಯಿಗೆ ತರೋಕೆ ಮಾತ್ರ. ಬೇರೇನೂ ಹಾಕಲ್ಲ."